ಸ್ಯಾಲಿ ಫ್ಲಾಯ್ಡ್‌ಗೆ ನಮ್ಮಲ್ಲಿ ಕೆಲಸ ಸಿಗುತ್ತಿತ್ತೇ?

ಹತ್ತನೇ ತರಗತಿಯಿಂದ ಪದವಿಯವರೆಗೆ ಶೇ 60 ಅಂಕ ಬೇಕು, ಬ್ಯಾಕ್‌ಲಾಗ್ ಇರಕೂಡದು, ಓದಿನ ನಡುವೆ ಗ್ಯಾಪ್ ಇರಕೂಡದು, ಇಂಥದೇ ವರ್ಷ ಪಾಸಾಗಿರಬೇಕು. ಎಂಜಿನಿಯರಿಂಗ್ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಕ್ಯಾಂಪಸ್ ನೇಮಕಾತಿಯ ಇಂಥ ಷರತ್ತುಗಳನ್ನು ಓದಿದವರು ಇಂಟರ್‌ನೆಟ್ ನೆಟ್‌ವರ್ಕಿಂಗ್‌ನ ಸಂಶೋಧಕಿ ಸ್ಯಾಲಿ ಫ್ಲಾಯ್ಡ್ ಅವರ ಬಯೊಡೇಟಾವನ್ನೂ ಒಮ್ಮೆ ನೋಡಬೇಕು. 1971ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಿ.ಎ., ವಿಷಯ ಸಮಾಜಶಾಸ್ತ್ರ. 1975ರಿಂದ 1982ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯ ಮೆಟ್ರೊ ರೈಲು ‘ಬಾರ್ಟ್’ನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ. ಆಮೇಲೆ ಮತ್ತೆ ಓದು: 1987ರಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಎಸ್., 1989ರಲ್ಲಿ ಪಿಎಚ್‌.ಡಿ. ಹುಟ್ಟಿದ್ದು 1950ರಲ್ಲಿ. ಡಾಕ್ಟರೇಟ್ ಕೈಗೆ ಬಂದಾಗ ವಯಸ್ಸು ನಲವತ್ತರ ಹತ್ತಿರ.

ಆ ಪಿಎಚ್‌.ಡಿ. ಕೂಡ ನೆಟ್‌ವರ್ಕಿಂಗ್‌ನದಲ್ಲ. ರಿಚರ್ಡ್ ಕಾರ್ಪ್ ಮಾರ್ಗದರ್ಶನದಲ್ಲಿ ಅವರು ಮಾಡಿದ್ದು ಮಷಿನ್ ಲರ್ನಿಂಗ್‌ನ ಗಣಿತ. ನೆಟ್‌ವರ್ಕಿಂಗ್ ಕೈಹಿಡಿದದ್ದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಸೇರಿ, ವ್ಯಾನ್ ಜೇಕಬ್ಸನ್ ಜೊತೆ ಕೆಲಸಕ್ಕೆ ಕೂತ ಮೇಲೆ.

ಅಲ್ಲಿ ಅವರಿಗೆ ಸಿಕ್ಕ ಸಮಸ್ಯೆ ಸಣ್ಣದಾಗಿರಲಿಲ್ಲ. 1986ರ ಅಕ್ಟೋಬರ್‌ನಲ್ಲಿ ಆ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಬರೀ 40 ಬಿಟ್‌ಗಳಿಗೆ ಕುಸಿದಿತ್ತು. ಎರಡರ ನಡುವಿನ ದೂರ ನಾನೂರು ಗಜ! ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದುಹೋದರೆ ಕಳುಹಿಸುವ ಕಂಪ್ಯೂಟರ್ ತಾನೇ ವೇಗ ತಗ್ಗಿಸಬೇಕು ಎಂಬ ಮದ್ದನ್ನು ಜೇಕಬ್ಸನ್ 1988ರಲ್ಲಿ ಪ್ರಕಟಿಸಿದರು. ಆದರೆ ನಡುದಾರಿಯ ರೌಟರ್‌ಗಳು ಪ್ಯಾಕೆಟ್‌ಗಳು ಕಾಯುವ ಬಫರ್ ತುಂಬುವವರೆಗೆ ಸುಮ್ಮನಿದ್ದು, ತುಂಬಿದೊಡನೆ ಬಂದ ಪ್ಯಾಕೆಟ್‌ಗಳನ್ನೆಲ್ಲ ಬಿಸಾಡುತ್ತಿದ್ದವು. ಎಲ್ಲ ಸಂಪರ್ಕಗಳೂ ಒಟ್ಟಿಗೇ ನಿಧಾನ, ಆಮೇಲೆ ಒಟ್ಟಿಗೇ ಜೋರು. ಲೈನು ಒಮ್ಮೆ ಖಾಲಿ, ಒಮ್ಮೆ ಜಾಮ್.

1993ರಲ್ಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ ಕೊಟ್ಟ ಉತ್ತರದ ಹೆಸರು ‘ರ‍್ಯಾಂಡಮ್ ಅರ್ಲಿ ಡಿಟೆಕ್ಷನ್’, ಬಾಯಿಮಾತಿನಲ್ಲಿ ‘ರೆಡ್’. ಜಲಾಶಯ ಭರ್ತಿಯಾಗಿ ಒಮ್ಮೆಲೇ ಎಲ್ಲ ಗೇಟು ಎತ್ತುವ ಬದಲು, ಒಳಹರಿವು ಹೆಚ್ಚುತ್ತಿದ್ದಂತೆಯೇ ಸ್ವಲ್ಪ ಸ್ವಲ್ಪ ನೀರು ಬಿಡುವ ಜಾಣತನ ಅದು. ಕ್ಯೂ ಸರಾಸರಿ ಒಂದು ಮಿತಿ ದಾಟಿದ ಕೂಡಲೇ ರೌಟರ್ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಯಾದೃಚ್ಛಿಕವಾಗಿ ಕೈಬಿಡುತ್ತದೆ. ಹೆಚ್ಚು ಕಳುಹಿಸುವವರಿಗೆ ಎಚ್ಚರಿಕೆ ತಗಲುವ ಸಂಭವವೂ ಹೆಚ್ಚು. ಯಾರ ಲೆಕ್ಕವನ್ನೂ ಬೇರೆಯಾಗಿ ಇಡಬೇಕಿಲ್ಲ.

ಫ್ಲಾಯ್ಡ್ ಅವರ ಕೆಲಸದ ಬಗೆ ತಿಳಿಯಲು ಅದೇ ವರ್ಷದ ಇನ್ನೊಂದು ಪ್ರಬಂಧ ಸಾಕು. ಬರ್ಕ್ಲಿಯಿಂದ ಎಂಐಟಿಗೆ ಸೆಕೆಂಡಿಗೊಂದರಂತೆ ಪಿಂಗ್ ಎಂಬ ಪರೀಕ್ಷಾ ಸಂದೇಶ ಕಳುಹಿಸಿದಾಗ ಸುಮಾರು ಪ್ರತಿ 90 ಸೆಕೆಂಡಿಗೊಮ್ಮೆ ಸಾಲಾಗಿ ಕೆಲವು ಕಾಣೆಯಾಗುತ್ತಿದ್ದವು. ದಾರಿಯ ರೌಟರ್‌ಗಳು ತಂತಮ್ಮ ಮಾರ್ಗಗಳ ಮಾಹಿತಿಯನ್ನು ಒಂದೇ ಗಳಿಗೆಗೆ ಹಂಚಿಕೊಳ್ಳುತ್ತ, ಅಷ್ಟು ಹೊತ್ತು ಉಳಿದ ಕೆಲಸ ನಿಲ್ಲಿಸುತ್ತಿದ್ದವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಒಂದರ ಸಂದೇಶ ಇನ್ನೊಂದರ ಗಡಿಯಾರವನ್ನು ತುಸು ತುಸುವೇ ಎಳೆದು ತಾಳ ಕೂಡಿಬಿಟ್ಟಿತ್ತು. ಪರಿಹಾರ ಇಲ್ಲಿಯೂ ಅದೇ: ಪ್ರತಿ ರೌಟರಿನ ಕಾಲಾವಧಿಗೆ ಒಂದಿಷ್ಟು ಯಾದೃಚ್ಛಿಕತೆ ಬೆರೆಸಿ, ತಾಳ ತಪ್ಪಿಸಿ.

ಸಿದ್ಧಾಂತ ಬಲ್ಲವರು ಸಿಗುತ್ತಾರೆ, ಯಂತ್ರ ನಡೆಸಿ ಗೊತ್ತಿದ್ದವರೂ ಸಿಗುತ್ತಾರೆ. ಎರಡೂ ಫ್ಲಾಯ್ಡ್ ಅವರಲ್ಲಿದ್ದಂತೆ ಒಬ್ಬರಲ್ಲೇ ಕೂಡುವುದು ಅಪರೂಪ, ಕೂಡಲು ಸಮಯವೂ ಹಿಡಿಯುತ್ತದೆ. ಬಯೊಡೇಟಾದಲ್ಲಿ ‘ಗ್ಯಾಪ್’ ಎನ್ನಿಸುವ ವರ್ಷಗಳು ಎಷ್ಟೋ ಸಲ ಆ ಸಮಯವೇ.

ರೆಡ್‌ಗೆ ಅದರದೇ ತಾಪತ್ರಯಗಳಿದ್ದವು. ಅದರ ಮಿತಿಗಳನ್ನು ಎಷ್ಟಕ್ಕೆ ಹೊಂದಿಸಬೇಕೆಂಬುದೇ ನೆಟ್‌ವರ್ಕ್ ನಡೆಸುವವರಿಗೆ ತಲೆನೋವಾಗಿ, ಬಹಳ ಕಡೆ ಅದನ್ನು ಆನ್ ಮಾಡಲೇ ಇಲ್ಲ. ಫ್ಲಾಯ್ಡ್ ಅಷ್ಟಕ್ಕೆ ನಿಲ್ಲಲಿಲ್ಲ. ಪ್ಯಾಕೆಟ್ ಬಿಸಾಡುವ ಬದಲು ಅದರ ಮೇಲೊಂದು ಗುರುತು ಹಾಕಿ ದಟ್ಟಣೆ ತಿಳಿಸುವ ‘ಇಸಿಎನ್’ ಪದ್ಧತಿ ಅವರೂ ಸೇರಿ ಮೂವರು ಬರೆದ ಕರಡಿನಿಂದ 2001ರಲ್ಲಿ ಇಂಟರ್‌ನೆಟ್ ಮಾನದಂಡವಾಯಿತು. ಇನ್ನಿಬ್ಬರಲ್ಲಿ ಒಬ್ಬರು ಕೆ.ಕೆ. ರಾಮಕೃಷ್ಣನ್. ಅವರೂ ರಾಜ್ ಜೈನ್ ಅವರೂ 1988ರಲ್ಲೇ ಇಂಥದೊಂದು ಗುರುತಿನ ವಿಧಾನ ಪ್ರಕಟಿಸಿದ್ದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಫ್ಲಾಯ್ಡ್ ಅವರಿಗೆ 2007ರಲ್ಲಿ ನೆಟ್‌ವರ್ಕಿಂಗ್‌ನ ಹಿರಿಯ ಗೌರವವಾದ ಸಿಗ್‌ಕಾಮ್ ಪ್ರಶಸ್ತಿ ಬಂತು. 2019ರಲ್ಲಿ ತೀರಿಕೊಂಡರು.

ಲಕ್ಷಗಟ್ಟಲೆ ಅರ್ಜಿ ಬರುವಾಗ ಜರಡಿ ಬೇಡವೇ ಎಂದು ಕಂಪನಿಗಳು ಕೇಳುತ್ತವೆ. ಬೇಕು, ಸರಿ. ಆದರೆ ಮದುವೆ, ಬಾಣಂತನ, ಮನೆಯ ಹಿರಿಯರ ಆರೈಕೆ ಎಂದು ನಮ್ಮಲ್ಲಿ ಓದು-ಕೆಲಸ ನಡುವೆ ಬಿಡಬೇಕಾಗುವವರು ಯಾರು? ಹೆಣ್ಣು ಎಂಬ ಪದವೇ ಇಲ್ಲದ ನಿಯಮ ಹೆಚ್ಚಾಗಿ ಹೆಣ್ಣುಮಕ್ಕಳನ್ನೇ ಹೊರಗಿಡುತ್ತದೆ. ಬಿಡುವಿನ ನಂತರ ಮರಳುವವರಿಗೆಂದು ಕೆಲವು ಕಂಪನಿಗಳು ಯೋಜನೆ ಮಾಡಿವೆ ನಿಜ. ಅವು ಬಹುಮಟ್ಟಿಗೆ ಅದೇ ಕ್ಷೇತ್ರದ ಅನುಭವವುಳ್ಳವರಿಗೆ. ಸಮಾಜಶಾಸ್ತ್ರ ಓದಿ, ರೈಲ್ವೆಯಲ್ಲಿ ದುಡಿದು ಬಂದವರಿಗೆ ಅಲ್ಲಿಯೂ ಜಾಗವಿಲ್ಲ.

ಪಾಸಾದ ವರ್ಷದ ಕಾಲಂ ತೆಗೆದುಹಾಕಲು ಕಂಪನಿಗಳಿಗೆ ಖರ್ಚೇನೂ ಇಲ್ಲ. ಹಿಂಜರಿಕೆಯಿದ್ದರೆ ಮೊದಲು ಹತ್ತರಲ್ಲೊಂದು ಹುದ್ದೆಗೆ ಮಾಡಿ ನೋಡಲಿ. ಅಂಕಪಟ್ಟಿಯ ಬದಲು ಕೆಟ್ಟ ನೆಟ್‌ವರ್ಕಿನ ಒಂದು ಲಾಗ್ ಫೈಲ್ ಮುಂದಿಟ್ಟು, ಪ್ಯಾಕೆಟ್‌ಗಳು ಎಲ್ಲಿ ಕಳೆದುಹೋಗುತ್ತಿವೆ, ಯಾಕೆ ಎಂದು ಅಭ್ಯರ್ಥಿಯನ್ನು ಕೇಳಲಿ.