ಗ್ರಾಹಕರ ಬಹಿಷ್ಕಾರ: ಅಸ್ತ್ರ ಎಷ್ಟು ಹರಿತ?

ಭಾಗ್ಯನಗರ (ಕೊಪ್ಪಳ ಜಿಲ್ಲೆ): ಕೊಳ್ಳುವವರು ಮುನಿದರೆ ವ್ಯಾಪಾರದ ನೀತಿ ಬದಲಾದೀತೇ? ನೇಕಾರಿಕೆಯಷ್ಟೇ ಕೂದಲು ಸಂಸ್ಕರಣೆಗೂ ಹೆಸರಾದ ಈ ಊರಿಗೆ ಪ್ರಶ್ನೆ ದೂರದ್ದಲ್ಲ.

ತಿರುಪತಿಯ ಮುಡಿಯಿಂದ ತಯಾರಾದ ವಿಗ್‌ಗಳು ವಿಗ್ರಹಾರಾಧನೆಗೆ ಸಂಬಂಧಿಸಿದವು, ಅವು ನಿಷಿದ್ಧ ಎಂದು 2004ರ ಮೇ ತಿಂಗಳಲ್ಲಿ ಇಸ್ರೇಲಿನ ಯಹೂದಿ ಧರ್ಮಗುರು ಎಲ್ಯಾಶಿವ್ ನಿರ್ಣಯವಿತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಗ್‌ಗಳನ್ನು ಬೀದಿಯಲ್ಲೇ ಸುಡಲಾಯಿತು. ಆ ಸಮುದಾಯಕ್ಕೆ ಮಾರುವ ವ್ಯಾಪಾರಿಗಳು ಕೂದಲಿನ ಮೂಲಕ್ಕೆ ಪ್ರಮಾಣಪತ್ರ ಒದಗಿಸಬೇಕಾಯಿತು.

ಬಂದೂಕಿನ ವಿಷಯದಲ್ಲಿ ಮಾತ್ರ ಫಲ ಅರ್ಧ. ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಿಗೆ ಬಂದೂಕು ತರಲು ಬಿಡುವುದನ್ನು ವಿರೋಧಿಸಿ 2013ರಲ್ಲಿ ಬಹಿಷ್ಕಾರ ನಡೆಯಿತು. ಬಂದೂಕು ಬೆಂಬಲಿಗರು ಅಲ್ಲೇ ಕಾಫಿ ಕುಡಿದು ಕಂಪೆನಿಯನ್ನು ಹೊಗಳಿದರು. ಸೆಪ್ಟೆಂಬರ್‌ನಲ್ಲಿ ಕಂಪೆನಿ ‘ಬಂದೂಕು ತರಬೇಡಿ’ ಎಂದು ವಿನಂತಿಸಿತೇ ಹೊರತು ನಿಷೇಧಿಸಲಿಲ್ಲ. 2019ರಲ್ಲಿ ವಾಲ್‌ಮಾರ್ಟ್ ಇಂಥದೇ ವಿನಂತಿ ಮಾಡಿದ್ದು, ಎಲ್ ಪಾಸೊ ನಗರದ ಅದರ ಮಳಿಗೆಯಲ್ಲಿ ಗುಂಡಿನ ದಾಳಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದ ಬಳಿಕ.

ಗ್ರಾಹಕರು ಒಗ್ಗಟ್ಟಾಗಿದ್ದಲ್ಲಿ ನೀತಿ ಬಾಗುತ್ತದೆ. ಇಬ್ಭಾಗವಾದಲ್ಲಿ ಕಂಪೆನಿ ನಡುದಾರಿ ಹಿಡಿಯುತ್ತದೆ. ಆದರೆ ಬೇಡಿಕೆ ನಿಂತಾಗ ಮೊದಲು ಕೂಲಿ ಕಳೆದುಕೊಳ್ಳುವವರು ಕೂದಲಿನ ಸಿಕ್ಕು ಬಿಡಿಸುವ ದಿನಗೂಲಿಗಳು. ಬಹಿಷ್ಕಾರಕ್ಕೆ ಕರೆ ಕೊಡುವವರು ಆ ಲೆಕ್ಕವನ್ನೂ ಇಡಬೇಕು.