ಮನೆಯ ಲೆಕ್ಕ: ಖಾತೆ ಸಾಗಲಿ, ಹಣ ಕೈಗೆ ಬಾರದಿರಲಿ

ತೆರಿಗೆಯಿಲ್ಲದ ಉಳಿತಾಯವನ್ನು ಹೆಚ್ಚು ಬಡ್ಡಿ ದೊರೆಯುವ ಕಡೆಗೆ ಸಾಗಿಸಬಹುದೇ ಎಂಬ ಪ್ರಶ್ನೆ ನಮ್ಮ ಗಡಿಭಾಗದ ಮನೆಗಳಲ್ಲಿ ಮೇಲಿಂದ ಮೇಲೆ ಏಳುತ್ತದೆ. ಜಳಕೋಟ, ಉದಗೀರ, ನಿಲಂಗಾ, ಉಮರಗಾಗಳ ಅಂಚೆ ಕಚೇರಿಗಳಲ್ಲಿ ತೆರೆದ ಪುಸ್ತಕ ತಾಯಿಯ ಪೆಟ್ಟಿಗೆಯಲ್ಲಿರುತ್ತದೆ. ಖಾತೆಯ ಒಡೆಯನಾದ ಮಗ ಪುಣೆಯಲ್ಲಿರುತ್ತಾನೆ. ಮಗಳು ಬೀದರಕ್ಕೋ ಭಾಲ್ಕಿಗೋ ಸೊಸೆಯಾಗಿ ಹೋಗಿರುತ್ತಾಳೆ. ಅಷ್ಟರಲ್ಲಿ ಯಾರೋ ಬಂದು, “ಅಲ್ಲಿಟ್ಟರೆ ಇನ್ನಷ್ಟು ಬಡ್ಡಿ ಬರುತ್ತದೆ” ಎನ್ನುತ್ತಾರೆ. ಈ ಮಾತನ್ನು ನಂಬಿ ಪುಸ್ತಕವನ್ನು ಮುಚ್ಚಿಸುವ ಮುನ್ನ ವಾಚಕರು ಕೆಲವು ಸಂಗತಿಗಳನ್ನು ತೂಗಿ ನೋಡಬೇಕೆಂದು ನಮ್ಮ ಅರಿಕೆ.

ನಮ್ಮಲ್ಲಿ ಬಡ್ಡಿಗೆ ತೆರಿಗೆಯಿಲ್ಲದ ಉಳಿತಾಯಗಳಲ್ಲಿ ಮುಖ್ಯವಾದುದು ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್. ಇದು 1968ರಲ್ಲಿ ಆರಂಭವಾಯಿತು. ಮೊದಲು ಶೇಕಡಾ 4.8ರಷ್ಟಿದ್ದ ಬಡ್ಡಿ 1986ರಿಂದ ಹಲವು ವರ್ಷ ಶೇಕಡಾ 12ರಷ್ಟಿತ್ತು. 2020ರ ಏಪ್ರಿಲ್ 1ರಂದು ಶೇಕಡಾ 7.1ಕ್ಕೆ ಇಳಿಯಿತು. ಈ ದರವನ್ನು ಕೇಂದ್ರ ಸರಕಾರವು ಗೊತ್ತುಮಾಡುತ್ತದೆ. ಜಳಕೋಟದ ಅಂಚೆ ಕಚೇರಿಗೂ ಮುಂಬಯಿಯ ದೊಡ್ಡ ಬ್ಯಾಂಕಿಗೂ ದರ ಒಂದೇ. ಆದುದರಿಂದ ಖಾತೆಯ ಸ್ಥಳ ಬದಲಾದರೆ ಬಡ್ಡಿ ಬದಲಾಗದು. ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಗೂ ಇದೇ ನ್ಯಾಯ.

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಮಕ್ಕಳು, “ನಾವು ಖಾತೆ ಸಾಗಿಸಿ ಹೆಚ್ಚು ಬಡ್ಡಿ ಪಡೆದೆವು” ಎಂದರೆ ಅದೂ ಸುಳ್ಳಲ್ಲ. ಅಲ್ಲಿ 1999ರ ಏಪ್ರಿಲ್‌ನಲ್ಲಿ ಆರಂಭವಾದ ಐ.ಎಸ್.ಎ. ಎಂಬ ತೆರಿಗೆಯಿಲ್ಲದ ಖಾತೆಗೆ ಪ್ರತಿ ಬ್ಯಾಂಕೂ ತನ್ನದೇ ದರ ಕೊಡುತ್ತದೆ. ಆದರೆ ಅಲ್ಲಿಯೂ ಹಣವನ್ನು ಬಿಡಿಸಿಕೊಂಡು ಹೋಗಿ ಬೇರೆಡೆ ಕಟ್ಟುವುದು ಕ್ರಮವಲ್ಲ. ಹೊಸ ಬ್ಯಾಂಕಿನ ಅರ್ಜಿಯ ಮೂಲಕ ಖಾತೆಯನ್ನೇ ಸಾಗಿಸತಕ್ಕದ್ದು. ಕೈಗೆ ಬಂದ ಹಣಕ್ಕೆ ಸಾಮಾನ್ಯವಾಗಿ ತೆರಿಗೆಯಿಲ್ಲದ ಹೊದಿಕೆ ತಪ್ಪಿಹೋಗುತ್ತದೆ. ನಾವು ಕಲಿಯಬೇಕಾದ ಪಾಠ ಇದೊಂದೇ.

ಹಾಗಾದರೆ ಪಿ.ಪಿ.ಎಫ್. ಮುಚ್ಚಿ ಹೆಚ್ಚಿನ ಬಡ್ಡಿಯ ಠೇವಣಿಗೆ ಹಾಕಿದರೆ ಹೇಗೆ? ಶೇಕಡಾ 7.5ರ ದರದಲ್ಲಿ 1 ಲಕ್ಷ ರೂಪಾಯಿಗೆ ವರ್ಷಕ್ಕೆ 7,500 ರೂಪಾಯಿ ಬಂದಿತೆಂದಿಟ್ಟುಕೊಳ್ಳೋಣ. ಶೇಕಡಾ 20ರ ತೆರಿಗೆಯ ಹಂತದಲ್ಲಿರುವವರಿಗೆ ತೆರಿಗೆ ಮತ್ತು ಅದರ ಮೇಲಿನ ಶೇಕಡಾ 4ರ ಸೆಸ್ ಸೇರಿ 1,560 ರೂಪಾಯಿ ಹೋಗಿ, ಉಳಿಯುವುದು 5,940. ಪಿ.ಪಿ.ಎಫ್.ನಲ್ಲಿ 7,100 ರೂಪಾಯಿ ಪೂರ್ಣವಾಗಿ ಸಲ್ಲುತ್ತಿತ್ತು. ತೆರಿಗೆಯನ್ನೇ ಕಟ್ಟದ ಒಕ್ಕಲಿಗನಿಗೂ ವಿಧವೆ ತಾಯಿಗೂ ಲೆಕ್ಕ ಬೇರೆ; ಅವರಿಗೆ 7,500 ರೂಪಾಯಿಯೂ ಪೂರ್ಣವಾಗಿಯೇ ಸಿಗುತ್ತದೆ. ಆದರೆ 15 ವರ್ಷದ ಅವಧಿಗೆ ಮೊದಲೇ ಖಾತೆ ಮುಚ್ಚಲು 5 ವರ್ಷ ಕಳೆದಿರಬೇಕು. ಗಂಭೀರ ಕಾಯಿಲೆ, ಉನ್ನತ ಶಿಕ್ಷಣ ಮೊದಲಾದ ಕಾರಣವಿರಬೇಕು. ಮೇಲಾಗಿ ಆರಂಭದಿಂದ ಕೊಟ್ಟ ಬಡ್ಡಿಯಲ್ಲಿ ಶೇಕಡಾ 1ರಷ್ಟು ಕಡಿತವಾಗುತ್ತದೆ. ಅವಧಿ ಮುಗಿದ ಮೇಲೆ ಯೋಚಿಸುವುದೇ ಲೇಸು.

ಇನ್ನೊಂದು ಎಚ್ಚರಿಕೆ ನಮ್ಮ ಭಾಗಕ್ಕೆ ವಿಶೇಷವಾಗಿ ಸಲ್ಲತಕ್ಕದ್ದು. ಪತಸಂಸ್ಥೆಗಳು ಹೆಚ್ಚಿನ ಬಡ್ಡಿಯ ಆಸೆ ತೋರಿಸುವುದುಂಟು. 2020ರ ಫೆಬ್ರುವರಿಯಿಂದ ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದಕ್ಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಪತಸಂಸ್ಥೆಗೆ ಈ ವಿಮೆಯಿಲ್ಲ. ಫಲಕದ ಮೇಲೆ ‘ಬ್ಯಾಂಕ್’ ಎಂದಿದೆಯೋ ‘ಪತಸಂಸ್ಥೆ’ ಎಂದಿದೆಯೋ ಎಂಬುದನ್ನು ಓದಿ ಮುಂದಡಿಯಿಡಿರಿ.

ಬಡ್ಡಿ ಬದಲಾಗದಿದ್ದ ಮೇಲೆ ಖಾತೆಯನ್ನು ಸಾಗಿಸುವುದೇಕೆ? ದೂರದಲ್ಲುಳಿದ ಪುಸ್ತಕ ಮರೆತುಹೋಗುತ್ತದೆ ಎಂಬುದೇ ಕಾರಣ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟದಿದ್ದರೆ ಪಿ.ಪಿ.ಎಫ್. ಖಾತೆ ನಿಂತುಹೋಗುತ್ತದೆ, ಮತ್ತೆ ನಡೆಸಲು ತಪ್ಪಿದ ಒಂದೊಂದು ವರ್ಷಕ್ಕೂ ಬಾಕಿಯ ಜೊತೆಗೆ 50 ರೂಪಾಯಿ ದಂಡ ತೆರಬೇಕು. ಬೇಸತ್ತು ಹೊಸ ಊರಿನಲ್ಲಿ ಇನ್ನೊಂದು ಪಿ.ಪಿ.ಎಫ್. ತೆರೆಯುವುದೂ ತಪ್ಪು, ಒಬ್ಬರಿಗೆ ಒಂದೇ ಖಾತೆಯೆಂಬುದು ನಿಯಮ.

ಸಾಗಿಸುವ ಕ್ರಮ ಕಠಿಣವಲ್ಲ. ಪುಸ್ತಕದಲ್ಲಿ ಬಡ್ಡಿಯವರೆಗೆ ಎಲ್ಲವನ್ನೂ ಬರೆಯಿಸಿಕೊಂಡು, ಅದರ ನಕಲನ್ನು ಇಟ್ಟುಕೊಂಡು, ಹೊಸ ಬ್ಯಾಂಕಿನ ಇಲ್ಲವೆ ಅಂಚೆ ಕಚೇರಿಯ ವಿಳಾಸ ನಮೂದಿಸಿ ಹಳೆಯ ಕಚೇರಿಗೆ ಅರ್ಜಿ ಕೊಡತಕ್ಕದ್ದು, ರಸೀದಿಯನ್ನು ಮರೆಯಬಾರದು. ಹಳೆಯ ಕಚೇರಿಯು ಖಾತೆಯ ದೃಢೀಕೃತ ನಕಲು, ಮೂಲ ಅರ್ಜಿ, ನಾಮನಿರ್ದೇಶನ ಪತ್ರ, ಸಹಿಯ ಮಾದರಿಗಳನ್ನು ಹಣದ ಚೆಕ್ಕು ಇಲ್ಲವೆ ಡ್ರಾಫ್ಟಿನೊಡನೆ ಹೊಸ ಸ್ಥಳಕ್ಕೆ ಕಳುಹಿಸುತ್ತದೆ. ಹಿಂದಿನ ವರ್ಷಗಳೆಲ್ಲ ಎಣಿಕೆಯಲ್ಲಿ ಉಳಿಯುತ್ತವೆ. ತಿಂಗಳ 5ನೆಯ ತಾರೀಖಿನ ಮುಕ್ತಾಯದಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಎಣಿಸುವುದರಿಂದ, ಆ ವರ್ಷದ ಕಂತನ್ನು ಮೊದಲೇ ಕಟ್ಟಿ ಅರ್ಜಿ ಕೊಡುವುದು ಉತ್ತಮ. ಮಾರ್ಚ್ ತಿಂಗಳ ನೂಕುನುಗ್ಗಲಿನಲ್ಲಿ ಈ ಕೆಲಸ ಬೇಡ.

ಸಹಿಯ ವಿಷಯದಲ್ಲಿ ನಮ್ಮವರು ಹೆಚ್ಚು ಜಾಗರೂಕರಾಗಿರಬೇಕು. ಕನ್ನಡದಲ್ಲಿ ಸಹಿ ಮಾಡಿ ಖಾತೆ ತೆರೆದವರು ಅರ್ಜಿಗೂ ಕನ್ನಡದಲ್ಲಿಯೇ ಸಹಿ ಮಾಡಲಿ; ಅರ್ಜಿ ಮರಾಠಿಯಲ್ಲಿದೆಯೆಂದು ಸಹಿಯನ್ನು ಮರಾಠಿಗೆ ತಿರುಗಿಸಿದರೆ ಹಳೆಯ ಮಾದರಿಗೆ ತಾಳೆಯಾಗದು. ಮದುವೆಯ ತರುವಾಯ ಅಡ್ಡಹೆಸರು ಬದಲಾದ ಹೆಣ್ಣುಮಕ್ಕಳು ಮೊದಲು ಹೆಸರು ತಿದ್ದಿಸಿಕೊಂಡು ಬಳಿಕ ಖಾತೆ ಸಾಗಿಸಲಿ. ಅದೇ ಸಮಯದಲ್ಲಿ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿಕೊಳ್ಳಲಿ. ತೀರಿಹೋದ ಹಿರಿಯರ ಹೆಸರೇ ಅಲ್ಲಿ ಉಳಿದಿರುವುದುಂಟು.

ಈ ತಿಂಗಳು ಮನೆಯ ಪೆಟ್ಟಿಗೆ ತೆರೆದು ನೋಡಿರಿ. ಒಡೆಯರು ಒಂದೂರಿನಲ್ಲಿ, ಪುಸ್ತಕ ಇನ್ನೊಂದೂರಿನಲ್ಲಿ ಇದ್ದರೆ ಎರಡನ್ನೂ ಒಂದೆಡೆ ಸೇರಿಸಿರಿ.