ಬೊಮ್ಮನ ಮೂರು ಅಕ್ಷರ

ದೇವನಹಳ್ಳಿ ತಾಲ್ಲೂಕಿನಲ್ಲಿ ಬೊಮ್ಮವಾರವೆಂಬ ಊರಿದೆ. ಬ್ರಹ್ಮ ಎಂಬುದರ ತದ್ಭವ ಬೊಮ್ಮ. ನಮ್ಮ ನಡುಗಾಲದ ಶಾಸನಗಳನ್ನು ತಿರುವಿದವರಿಗೆ ಈ ಹೆಸರು ಹೊಸದಲ್ಲ. ಇದೇ ಹೆಸರಿನ ಒಬ್ಬ ಆಳು 12ನೇ ಶತಮಾನದ ಮೊದಲರ್ಧದಲ್ಲಿ ಮಂಗಳೂರಿನ ವ್ಯಾಪಾರಿಯೊಬ್ಬನ ಕಡೆಯಿಂದ ಏಡನ್ ಬಂದರಿಗೆ ಸರಕು ಕೊಂಡೊಯ್ದು ಬರುತ್ತಿದ್ದ. ಒಡೆಯ ಅಬ್ರಹಾಂ ಬೆನ್ ಯಿಜು, ಟುನಿಷಿಯಾ ಕಡೆಯ ಯಹೂದಿ. ಅವನ ಕಾಗದಪತ್ರಗಳು ಉಳಿದದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ. ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂದು ಹಳೆಯ ಹಾಳೆಗಳನ್ನು ಹಾಕಿಡುತ್ತಿದ್ದ ಕೋಣೆ ಅದು. 1896-97ರಲ್ಲಿ ಸಾಲೊಮನ್ ಷೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲೀಗ ಸುಮಾರು 1,93,000 ತುಣುಕುಗಳಿವೆ. ಕರ್ನಾಟಕದ ಕರಾವಳಿಯ ಬದುಕಿನ ಇಷ್ಟು ಹತ್ತಿರದ ದಾಖಲೆಗಳು ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಇಲ್ಲದೆ ಹೀಬ್ರೂ ಲಿಪಿಯಲ್ಲಿವೆ ಎಂಬುದನ್ನು ನಮ್ಮ ಓದುಗರು ಗಂಭೀರವಾಗಿ ಪರಿಗಣಿಸಬೇಕು.

ಆ ಪತ್ರಗಳ ಲಿಪಿ ಹೀಬ್ರೂ, ಭಾಷೆ ಬಹುತೇಕ ಅರಬ್ಬಿ. ಕಾಗದ ದುರ್ಲಭವಾಗಿದ್ದುದರಿಂದ ಬೆನ್ ಯಿಜು ತನಗೆ ಬಂದ ಪತ್ರಗಳ ಬೆನ್ನಿನ ಮೇಲೆಯೇ ಲೆಕ್ಕ ಬರೆದಿಟ್ಟಿದ್ದಾನೆ. ಹೀಬ್ರೂ ಬರಹದಲ್ಲಿ ವ್ಯಂಜನಗಳೇ ಮುಖ್ಯ. ಸ್ವರಗಳನ್ನು ಓದುಗ ತುಂಬಿಕೊಳ್ಳಬೇಕು, ಒತ್ತಕ್ಷರವೂ ಕಾಣುವುದಿಲ್ಲ. ಆಳಿನ ಹೆಸರು ಅಲ್ಲಿ ಮೂರೇ ಅಕ್ಷರ: ಬ, ಮ, ಕೊನೆಗೊಂದು ಸ್ವರದ ಗುರುತು. ಗೆನೀಜಾ ಅಧ್ಯಯನದ ಹಿರಿಯ ಎಸ್. ಡಿ. ಗೊಯಿಟೈನ್ ಅದನ್ನು ‘ಬಾಮಾ’ ಎಂದು ಓದಿದ್ದರು. ಲೇಖಕ ಅಮಿತಾವ್ ಘೋಷ್ ಆ ಅಕ್ಷರಗಳನ್ನು ಹಿಡಿದು ಮಂಗಳೂರಿಗೆ ಬಂದಾಗ, ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ಬಾಯಲ್ಲಿ ಅದು ‘ಬೊಮ್ಮ’ ಆಯಿತು. ಹೆಸರು ಬದಲಾದೊಡನೆ ಮನುಷ್ಯನೇ ಬದಲಾದ. ಭಾರತದ ಯಾವ ಭಾಗದವನೆಂದು ತಿಳಿಯದ ಗುಲಾಮನೊಬ್ಬ ನಮ್ಮ ನೆಲದವನಾದ. 1992ರಲ್ಲಿ ಬಂದ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಈ ಹುಡುಕಾಟದ ಕಥೆ ಹೇಳುತ್ತದೆ.

ಹಾಗಾದರೆ ನಾವೂ ಇಂಥ ಪತ್ರಗಳನ್ನು ಮೂಲದಲ್ಲೇ ಓದಲು ಕಲಿಯಬೇಕು. ಇದಕ್ಕೆ ತಕ್ಷಣ ಬರುವ ಆಕ್ಷೇಪವೆಂದರೆ, ವಿವೇಕ ರೈ ಅವರು ಹೀಬ್ರೂ ಓದಿಯೇನೂ ಉತ್ತರ ಹೇಳಲಿಲ್ಲವಲ್ಲ, ಅಂದಮೇಲೆ ಮೂಲ ಕಲಿಯುವ ಶ್ರಮ ಯಾಕೆ ಎಂಬುದು. ಗೊಯಿಟೈನ್ ಮತ್ತು ಫ್ರೀಡ್ಮನ್ ಅವರ ಇಂಗ್ಲಿಷ್ ಅನುವಾದಗಳ ದೊಡ್ಡ ಗ್ರಂಥ 2008ರಿಂದ ಕೈಗೆ ಸಿಗುತ್ತಿದೆ ನಿಜ. ಆದರೆ ಪ್ರಶ್ನೆ ಹುಟ್ಟಿದ್ದೇ ಮೂಲದ ಹಾಳೆಯಿಂದ. ‘ಬಾಮಾ’ ಎಂಬ ಅಚ್ಚಾದ ರೂಪವನ್ನಷ್ಟೇ ಮುಂದಿಟ್ಟಿದ್ದರೆ ಸ್ವರವನ್ನು ಯಾರೋ ತುಂಬಿದ್ದಾರೆ ಎಂಬ ಸುಳಿವೇ ಸಿಗುತ್ತಿರಲಿಲ್ಲ. ಅನುವಾದ ತೀರ್ಮಾನವನ್ನು ಕೊಡುತ್ತದೆ, ಅನುಮಾನವನ್ನು ಕೊಡುವುದಿಲ್ಲ. ಘೋಷ್ ಮೂಲದ ಭಾಷೆಗೆ ಒಗ್ಗಿದ ಬಗೆಯೂ ನೆನಪಿಡತಕ್ಕದ್ದು: ಈಜಿಪ್ಟಿನ ಹಳ್ಳಿಯ ರೈತರ ನಡುವೆ ಕಲಿತ ಆಡುಮಾತೇ ಈ ಪತ್ರಗಳ ಅರಬ್ಬಿಯನ್ನು ಅವರಿಗೆ ಬಿಡಿಸಿಕೊಟ್ಟಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಗಂಗರ ಮಾನ್ಯಪುರ, ಅಂದರೆ ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ, ಕಣ್ಣೆದುರಿಗಿದೆ. ದೊಡ್ಡಬಳ್ಳಾಪುರದ ರಾಜಘಟ್ಟದಲ್ಲಿ 2001ರ ಉತ್ಖನನದಲ್ಲಿ ಬೌದ್ಧರ ಮಣ್ಣಿನ ಹರಕೆ ಮುದ್ರೆಗಳು ಸಿಕ್ಕಿವೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದ ತುಂಬ ಹೊಸಕೋಟೆ, ದೇವನಹಳ್ಳಿಯ ಕಲ್ಲುಗಳಿವೆ. ಇವನ್ನೇ ಓದುವವರಿಲ್ಲದಿರುವಾಗ ಹೀಬ್ರೂ ಯಾಕೆ? ಈ ನೋವು ನಮ್ಮದೂ ಹೌದು. ಆದರೆ ಇವೆರಡೂ ಬೇರೆ ಬೇರೆ ವಿದ್ಯೆಗಳಲ್ಲ. ನಮ್ಮ ಹಳೆಯ ಶಾಸನಗಳಲ್ಲೂ ಎ-ಏ, ಒ-ಓಗಳ ಭೇದ ಬರಹದಲ್ಲಿ ತೋರುವುದಿಲ್ಲ. ‘ಕೊಡು’ ಎಂದಿದ್ದರೆ ಅದು ಕೊಡುವುದೋ, ಪ್ರಾಣಿಯ ಕೋಡೋ ಎಂಬುದನ್ನು ಹಿಂದುಮುಂದಿನ ಮಾತು ನೋಡಿ, ಕನ್ನಡದ ಜಾಯಮಾನ ಬಲ್ಲವನೇ ನಿರ್ಧರಿಸಬೇಕು. ಕಲ್ಲಿನ ಮುಂದೆ ಕೂತು ಈ ಸಂಯಮ ಕಲಿತವನಿಗೆ ಗೆನೀಜಾದ ಹಾಳೆ ಪರಕೀಯವಾಗದು. ಅಲ್ಲಿಯ ಹೆಸರುಗಳ ವಿಷಯದಲ್ಲಂತೂ ಕೇಂಬ್ರಿಜ್‌ನ ಪಂಡಿತರಿಗಿಂತ ಅವನ ಕಿವಿಯೇ ಹೆಚ್ಚು ಸಹಾಯಕ್ಕೆ ಬಂದೀತು.

ಆ ಕೆಲಸ ಮುಗಿದಿಲ್ಲ. 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲೇ ಬರೆದ ಪತ್ರವೊಂದು ಉಳಿದಿದೆ. ಬೆನ್ ಯಿಜು ಒಬ್ಬ ದಾಸಿಗೆ ಬಿಡುಗಡೆ ಕೊಟ್ಟ ದಾಖಲೆ ಅದು. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಬಂತು. ಹಳೆಯ ಹೆಸರನ್ನು ವಿದ್ವಾಂಸರು ‘ಆಶು’ ಎಂದು ಓದುತ್ತಾರೆ, ನಾಯರ್ ಮನೆತನದವಳೆಂದು ಊಹಿಸುತ್ತಾರೆ. ಹೀಬ್ರೂ ಲಿಪಿಯಲ್ಲಿ ನಮ್ಮ ಚಕಾರಕ್ಕೆ ಅಕ್ಷರವಿಲ್ಲ, ಒತ್ತು ತೋರುವುದಿಲ್ಲ. ಅವಳನ್ನು ಮನೆಯವರು ಆಶು ಎಂದೇ ಕರೆಯುತ್ತಿದ್ದರೋ, ಅಚ್ಚು ಎನ್ನುತ್ತಿದ್ದರೋ?